ರೋಜರ್ಸ್‌ನ 28 ನಿಯಮಗಳು: ಅಸಲಿ ಯಾವುದು, ಕಾದಂಬರಿಯದ್ದು ಯಾವುದು?

ಬತ್ತಿಕೋವಿ

ಹದಿನೆಂಟನೇ ಶತಮಾನದಲ್ಲಿ ಅಮೆರಿಕದ ಕಾಡುಗಳಲ್ಲಿ ರೇಂಜರ್ ಪಡೆ ನಡೆಸಿದ ರಾಬರ್ಟ್ ರೋಜರ್ಸ್ ಹೆಸರಿನಲ್ಲಿ ಕಾಡುಯುದ್ಧದ 19 ಅಂಶಗಳ ಪಟ್ಟಿಯೊಂದು ಓಡಾಡುತ್ತದೆ. ‘ಏನನ್ನೂ ಮರೀಬೇಡ’ ಅಂತ ಶುರುವಾಗುತ್ತದಲ್ಲ, ಅದೇ. ಅಮೆರಿಕದ ಸೇನೆಯ ರೇಂಜರ್ ಕೈಪಿಡಿಯಲ್ಲೂ ಅಚ್ಚಾಗಿರುವುದರಿಂದ ಎಲ್ಲರೂ ಅದನ್ನೇ ಅಸಲಿ ಅಂದುಕೊಂಡಿದ್ದಾರೆ. ಅದು 1937ರ ಒಂದು ಕಾದಂಬರಿಯಲ್ಲಿ ಹಳೇ ಸಾರ್ಜೆಂಟ್ ಪಾತ್ರವೊಂದು ಆಡುವ ಮಾತು. ರೋಜರ್ಸ್ ನಿಜವಾಗಿ ಬರೆದದ್ದು 28 ನಿಯಮ. ಬರೆದದ್ದು 1757ರಲ್ಲಿ, ಹಡ್ಸನ್ ನದಿಯ ದಂಡೆಯ ಫೋರ್ಟ್ ಎಡ್ವರ್ಡ್‌ನಲ್ಲಿ. ಬ್ರಿಟಿಷ್ ರೆಜಿಮೆಂಟುಗಳಿಂದ ಕಾಡುಯುದ್ಧ ಕಲಿಯಲು ಬಂದ ಸ್ವಯಂಸೇವಕರಿಗೆ ಪಾಠವಾಗಿ ಬರೆದದ್ದು. ಅಚ್ಚಾದದ್ದು 1765ರಲ್ಲಿ, ಲಂಡನ್ನಿನಲ್ಲಿ, ಅವನ ದಿನಚರಿಯ ಜೊತೆಗೆ.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಕಾದಂಬರಿಯದ್ದು ಗಾದೆಯ ಹಾಗೆ ಚುಟುಕು. ಅಸಲಿ ಪಠ್ಯದ ವಾಕ್ಯಗಳು ಉದ್ದುದ್ದ, ಒಣ ಒಣ, ಆದರೆ ಅಳತೆ ಇರುವಂಥವು. ಇಪ್ಪತ್ತು ಗಜ, ಅರವತ್ತು ಸುತ್ತು, ಆರು ಮಂದಿ ಕಾವಲು ಅಂತ.

ಇದನ್ನು ಕನ್ನಡಕ್ಕೆ ತರುವ ಮೊದಲು ಒಂದೊಂದು ನಿಯಮದ ಹಿಂದಿನ ಕಾರಣ ಬಿಡಿಸಿಕೊಳ್ಳೋಣ ಅಂತ ಈ ಎಳೆ. ಬಲ್ಲವರು ಬರೆಯಿರಿ.

ಹೊಸಓದುಗ

ಸರ್, ಮೊದಲು ಒಂದು ಪೆದ್ದು ಪ್ರಶ್ನೆ. ರೇಂಜರ್ ಅಂದ ಕೂಡಲೇ ನಮಗೆ ಅರಣ್ಯ ಇಲಾಖೆಯ ಆರ್‌ಎಫ್‌ಒ ನೆನಪಾಗುತ್ತಾರೆ. ಇವರು ಅದೇ ಅರ್ಥದ ರೇಂಜರಾ? ಈ ಮನುಷ್ಯ ಬ್ರಿಟಿಷರ ಸೈನ್ಯದವನೋ ಅಥವಾ ಅಮೆರಿಕದವನೋ?

ಮಲೆಸೀಮೆ

ಪೆದ್ದು ಪ್ರಶ್ನೆ ಏನಲ್ಲ, ಅನುವಾದಕ್ಕೆ ಇದೇ ಮೊದಲ ತೊಡಕು. ಎರಡು ಪದದ ಬೇರೂ ಒಂದೇ: ಒಂದು ಸೀಮೆಯೊಳಗೆ ಸುತ್ತಾಡುವವನು. ಆದರೆ ಇವರು ಗಸ್ತುಪಡೆ. ಕೋಟೆ ಕೋಟೆಗಳ ನಡುವಿನ ಕಾಡಿನಲ್ಲಿ ಸುತ್ತಿ, ಶತ್ರುವಿನ ಸುದ್ದಿ ತಂದು, ಸಿಕ್ಕಿದರೆ ಸೆರೆ ಹಿಡಿದು ತರುವುದು ಕೆಲಸ. ನಾನು ‘ಕಾಡುಗಸ್ತಿನವರು’ ಅಂತ ಬಳಸುತ್ತೇನೆ, ಇಲ್ಲದಿದ್ದರೆ ಸುಮ್ಮನೆ ರೇಂಜರ್.

ಇನ್ನು ಮನುಷ್ಯನ ವಿಚಾರ. ಹುಟ್ಟಿದ್ದು 1731ರಲ್ಲಿ, ಮ್ಯಾಸಚೂಸೆಟ್ಸ್‌ನ ಮೆಥ್ಯುಯೆನ್‌ನಲ್ಲಿ. ಬೆಳೆದದ್ದು ನ್ಯೂ ಹ್ಯಾಂಪ್‌ಶೈರ್‌ನ ಕಾಡಂಚಿನ ಹೊಲಮನೆಯಲ್ಲಿ. ಆಗಿನ್ನೂ ಅಮೆರಿಕ ಅನ್ನುವ ದೇಶವೇ ಇಲ್ಲ. ಬ್ರಿಟನ್ನಿನ ವಸಾಹತುಗಳು, ಉತ್ತರಕ್ಕೆ ಫ್ರೆಂಚರ ಕೆನಡಾ, ನಡುವೆ ಮೂಲನಿವಾಸಿಗಳ ನಾಡುಗಳು. 1755ರ ಆರಂಭದಲ್ಲಿ ಖೋಟಾ ನೋಟಿನ ಪ್ರಕರಣದಲ್ಲಿ ಸಿಕ್ಕಿಬಿದ್ದ. ಅದೇ ಹೊತ್ತಿಗೆ ಫ್ರೆಂಚರ ಮೇಲೆ ದಂಡಯಾತ್ರೆ, ಆಳು ಬೇಕಾಗಿತ್ತು. ಆಳು ಕೂಡಿಸಿಕೊಟ್ಟು ಕ್ಯಾಪ್ಟನ್ ಆದ, ಮೊಕದ್ದಮೆ ಅಲ್ಲಿಗೇ ತಣ್ಣಗಾಯಿತು. 1756ರ ಮಾರ್ಚ್‌ನಲ್ಲಿ ಬಾಸ್ಟನ್ನಿನಲ್ಲಿ ಗವರ್ನರ್ ವಿಲಿಯಂ ಶರ್ಲಿ ಇವನಿಗೆ ಪ್ರತ್ಯೇಕ ರೇಂಜರ್ ತುಕಡಿ ಕೊಟ್ಟ. 1758ರಲ್ಲಿ ರೇಂಜರ್‌ಗಳ ಮೇಜರ್.

ದಫ್ತರ

ತುಕಡಿ ಅಂದಿರಿ, ಅದರ ಅಂಕಿ ಹಾಕಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಸಿಪಾಯಿಗಳು 60, ದಿನಕ್ಕೆ ನ್ಯೂಯಾರ್ಕ್ ಲೆಕ್ಕದ 3 ಶಿಲ್ಲಿಂಗ್. ಸಾರ್ಜೆಂಟ್ ಮೂವರು, ತಲಾ 4. ಎನ್‌ಸೈನ್‌ಗೆ (ಎಲ್ಲರಿಗಿಂತ ಕಿರಿಯ ಅಧಿಕಾರಿ) 5, ಲೆಫ್ಟಿನೆಂಟ್‌ಗೆ 7, ರೋಜರ್ಸ್‌ಗೆ 10. ಬಟ್ಟೆ, ಬಂದೂಕು, ಕಂಬಳಿ ಇಷ್ಟಕ್ಕೂ ಸೇರಿಸಿ ಪ್ರತಿಯೊಬ್ಬನಿಗೆ ಒಂದು ಸಲಕ್ಕೆ 10 ಸ್ಪ್ಯಾನಿಷ್ ಡಾಲರ್.

ಕೂಡಿ ನೋಡಿ: ದಿನಕ್ಕೆ 214 ಶಿಲ್ಲಿಂಗ್, ಅಂದರೆ 10 ಪೌಂಡ್ 14 ಶಿಲ್ಲಿಂಗ್. ಮೂವತ್ತು ದಿನಕ್ಕೆ 321 ಪೌಂಡ್. ಸಂಬಳ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅಷ್ಟರವರೆಗೆ ಕ್ಯಾಪ್ಟನ್ ಕೈಯಿಂದ ಹಾಕಿ, ಆಮೇಲೆ ಖಜಾನೆಯಿಂದ ವಸೂಲು ಮಾಡಿಕೊಳ್ಳಬೇಕು. ಈ ಮನುಷ್ಯನ ಬದುಕಿನ ಉಳಿದ ನಲವತ್ತು ವರ್ಷದ ಗೋಳು ಈ ಒಂದು ವಾಕ್ಯದಲ್ಲಿದೆ.

ಬತ್ತಿಕೋವಿ

ದಫ್ತರ ಅವರೇ, ಆ ಗೋಳಿಗೆ ಆಮೇಲೆ ಬರೋಣ. ನಾನು ಒಂದನೇ ನಿಯಮದಿಂದ ಶುರು ಮಾಡುತ್ತೇನೆ.

ದಿನಾ ಸಂಜೆ ಹಾಜರಿ. ಪ್ರತಿಯೊಬ್ಬನ ಕೈಯಲ್ಲಿ ಬಂದೂಕು, 60 ಸುತ್ತಿನ ಮದ್ದುಗುಂಡು, ಒಂದು ಕೈಗೊಡಲಿ. ಅಧಿಕಾರಿ ಒಂದೊಂದಾಗಿ ನೋಡಬೇಕು. ಮರುದಿನದ ಗಸ್ತಿಗೆ ಯಾರು ಅಂತ ಗೊತ್ತುಮಾಡುವುದೂ ಆಗಲೇ. ಬೆಳಗ್ಗೆ ಅಲ್ಲ, ಸಂಜೆ ಅನ್ನುವುದನ್ನು ಗಮನಿಸಿ. ರಾತ್ರಿ ಯಾವ ಹೊತ್ತಿಗೆ ಹೊರಡು ಅಂದರೂ ಹೊರಡಬೇಕಾದ ಜನ ಇವರು. ಬೆಳಗ್ಗೆ ಎದ್ದು ಚಕಮಕಿ ಕಲ್ಲು ಹುಡುಕುತ್ತಾ ಕೂತರೆ ಆಗದು.

ಅರವತ್ತು ಸುತ್ತಿನ ತೂಕ: ಬ್ರಿಟಿಷ್ ಮಸ್ಕೆಟ್ಟಿನ ಸೀಸದ ಗುಂಡು ಒಂದಕ್ಕೆ ಮೂವತ್ತು ಗ್ರಾಂ ಮೇಲೆ. ಗುಂಡೇ ಹೆಚ್ಚುಕಡಿಮೆ ಎರಡು ಕಿಲೋ, ಮದ್ದು ಬೇರೆ. ರೇಂಜರ್‌ಗಳಲ್ಲಿ ತುಂಬ ಜನ ತಮ್ಮ ತಮ್ಮ ಬಂದೂಕನ್ನೇ ತರುತ್ತಿದ್ದರು. ನಳಿಗೆಯ ಬಾಯಿ ಒಬ್ಬೊಬ್ಬನದು ಒಂದೊಂದು ಅಳತೆ. ಇದರ ಫಲ ಏನು? ಒಬ್ಬನ ಗುಂಡು ಮುಗಿದರೆ ಪಕ್ಕದವನದು ಹೊಂದುವ ಭರವಸೆ ಇಲ್ಲ. ಗುಂಡಿನ ಅಚ್ಚು ಅವರವರದ್ದೇ ಇರಬೇಕು. ಹಾಗಾಗಿ ‘ಅರವತ್ತು’ ಅನ್ನುವುದು ತಲೆಗೆ ಅರವತ್ತು. ತುಕಡಿಯ ಒಟ್ಟು ದಾಸ್ತಾನು ಭಾಗಿಸಿದ ಲೆಕ್ಕ ಅಲ್ಲ.

ಚಕಮಕಿ ಬಂದೂಕು ಕೈಕೊಡುವುದು ಮೂರು ಕಡೆ. ಬಟ್ಟಲಿನ ಕಿವಿಮದ್ದು (ಕಲ್ಲಿನ ಕಿಡಿ ಮೊದಲು ಬೀಳುವ ಚಿಟಿಕೆ ಮದ್ದು) ಒದ್ದೆಯಾದರೆ ಕಿಡಿ ಹತ್ತುವುದಿಲ್ಲ. ಬಟ್ಟಲಿನಿಂದ ನಳಿಗೆಗೆ ಹೋಗುವ ತೂತು ಕಟ್ಟಿದರೆ ಹೊರಗೆ ಭುಸ್ ಅನ್ನುತ್ತದೆ, ಒಳಗೆ ಏನೂ ಇಲ್ಲ. ಕಲ್ಲಿನ ಅಂಚು ಮೊಂಡಾದರೆ ಕಿಡಿಯೇ ಇಲ್ಲ. ಕಲ್ಲನ್ನು ತಟ್ಟಿ ಹರಿತ ಮಾಡಬಹುದು, ತೂತನ್ನು ಸೂಜಿಯಿಂದ ಬಿಡಿಸಬಹುದು. ಒಳಗಿನ ಮದ್ದು ಒದ್ದೆಯಾದರೆ ಮಾತ್ರ ಗುಂಡು ತೆಗೆದು ಒಣಗಿಸಿ ಮತ್ತೆ ತುಂಬಲೇಬೇಕು, ಅದಕ್ಕೆ ಬೆಂಕಿ ಬೇಕು. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ, 1757ರ ಜನವರಿಯಲ್ಲಿ ಹದಿನಾಲ್ಕು ಜನ ಸತ್ತದ್ದು ಇದರಿಂದಲೇ.

ನಕಾಶೆನೋಡುವವ

ಆ ಜನವರಿಯ ಕತೆ ನಾನು ಹೇಳುತ್ತೇನೆ, ನಕ್ಷೆ ಇಲ್ಲದೆ ಅದು ಅರ್ಥವಾಗುವುದಿಲ್ಲ.

ಜಾರ್ಜ್ ಸರೋವರ ದಕ್ಷಿಣದಿಂದ ಉತ್ತರಕ್ಕೆ ಉದ್ದಕ್ಕೆ ಮಲಗಿದೆ. ದಕ್ಷಿಣದ ತುದಿಯಲ್ಲಿ ಬ್ರಿಟಿಷರ ಫೋರ್ಟ್ ವಿಲಿಯಂ ಹೆನ್ರಿ. ಉತ್ತರದಲ್ಲಿ ಅದರ ನೀರು ಶಾಂಪ್ಲೇನ್ ಸರೋವರಕ್ಕೆ ಇಳಿಯುವ ಕಡೆ ಫ್ರೆಂಚರ ಟಿಕಾಂಡರೋಗಾ, ಅದರಿಂದ ಇನ್ನೂ ಉತ್ತರಕ್ಕೆ ಕ್ರೌನ್ ಪಾಯಿಂಟ್. ಚಳಿಗಾಲದಲ್ಲಿ ಎರಡೂ ಸರೋವರ ಹೆಪ್ಪುಗಟ್ಟಿ ರಸ್ತೆಯಾಗುತ್ತವೆ.

ರೋಜರ್ಸ್ ಮತ್ತು ಅವನ ರೇಂಜರ್‌ಗಳು ಜನವರಿ 17ಕ್ಕೆ ಫೋರ್ಟ್ ವಿಲಿಯಂ ಹೆನ್ರಿಯಿಂದ ಹೊರಟರು. ಮರುದಿನ ಕಾಲು ಕೆಟ್ಟವರನ್ನು ವಾಪಸು ಕಳಿಸಿದ ಮೇಲೆ ಉಳಿದವರು ಎಪ್ಪತ್ನಾಲ್ಕು. 21ರಂದು ಎರಡು ಫ್ರೆಂಚ್ ಕೋಟೆಗಳ ನಡುವೆ ಸರೋವರದ ದಂಡೆಗೆ ಬಂದರು. ಮಂಜುಗಡ್ಡೆಯ ಮೇಲೆ ಜಾರುಗಾಡಿ ಬರುವುದು ಕಾಣಿಸಿತು. ರೇಂಜರ್ ಲೆಫ್ಟಿನೆಂಟ್ ಜಾನ್ ಸ್ಟಾರ್ಕ್ ಮುಂದೆ ಹೋಗಿ ಅಡ್ಡಗಟ್ಟಬೇಕು, ಕ್ಯಾಪ್ಟನ್ ಸ್ಪೀಕ್‌ಮನ್ ನಡುವೆ, ರೋಜರ್ಸ್ ಹಿಂದೆ. ಅಷ್ಟರಲ್ಲಿ ಹಿಂದಿನಿಂದ ಇನ್ನೂ ಎಂಟು ಹತ್ತು ಗಾಡಿ ಬರುತ್ತಿರುವುದನ್ನು ರೋಜರ್ಸ್ ನೋಡಿದ. ತಡೆಯಿರಿ ಅಂತ ಸ್ಟಾರ್ಕ್‌ಗೆ ಹೇಳಿಕಳಿಸುವುದರೊಳಗೆ ಸ್ಟಾರ್ಕ್ ಮೇಲೆ ಬಿದ್ದಾಗಿತ್ತು. ಸಿಕ್ಕಿದ್ದು ಮೂರು ಗಾಡಿ, ಆರು ಕುದುರೆ, ಏಳು ಸೆರೆಯಾಳು. ಉಳಿದ ಗಾಡಿಗಳು ತಿರುಗಿಕೊಂಡು ಟಿಕಾಂಡರೋಗಾಕ್ಕೆ ಓಟ. ಅಂದರೆ ಇನ್ನು ಒಂದೆರಡು ಗಂಟೆಯಲ್ಲಿ ಕೋಟೆಗೆ ಸುದ್ದಿ ಗ್ಯಾರಂಟಿ.

ಸೆರೆಯಾಳುಗಳನ್ನು ಬೇರೆ ಬೇರೆಯಾಗಿ ನಿಲ್ಲಿಸಿ ಕೇಳಿದಾಗ ಟಿಕಾಂಡರೋಗಾಕ್ಕೆ ಆಗತಾನೇ 200 ಕೆನಡಿಯನ್ನರು, 45 ಮೂಲನಿವಾಸಿ ಯೋಧರು ಬಂದಿದ್ದಾರೆ ಅಂತ ಗೊತ್ತಾಯಿತು. ಮಳೆ ಹನಿಯುತ್ತಿತ್ತು, ಬಂದೂಕುಗಳೆಲ್ಲ ಒದ್ದೆ. ಹಿಂದಿನ ರಾತ್ರಿ ತಂಗಿದ್ದ ಜಾಗದಲ್ಲಿ ಬೆಂಕಿಯ ಗುಂಡಿಗಳಿದ್ದವು. ಅಲ್ಲಿಗೇ ಮರಳಿ ಹೋಗಿ ಬಂದೂಕು ಒಣಗಿಸಿಕೊಂಡು, ಬಂದ ಹೆಜ್ಜೆಯಲ್ಲೇ ಹೊರಟರು. ಮಧ್ಯಾಹ್ನ ಎರಡರ ಸುಮಾರಿಗೆ ಒಂದು ಕಣಿವೆ ಇಳಿದು ಹತ್ತುವಾಗ ಎದುರಿನಿಂದ ಗುಂಡಿನ ಮಳೆ. ಸ್ಪೀಕ್‌ಮನ್ ಸೇರಿ ಹದಿನಾಲ್ಕು ಜನ ಸತ್ತರು. ರೋಜರ್ಸ್‌ಗೆ ತಲೆಗೆ ಒಂದು, ಮಣಿಕಟ್ಟಿಗೆ ಒಂದು ಪೆಟ್ಟು. ಹಿಂದಿನ ಗುಡ್ಡದ ಮೇಲೆ ನೆಲೆ ಹಿಡಿದ ಸ್ಟಾರ್ಕ್ ಇಲ್ಲದಿದ್ದರೆ ಒಬ್ಬನೂ ಉಳಿಯುತ್ತಿರಲಿಲ್ಲ. ಕತ್ತಲಾಗುವವರೆಗೆ ಹಿಡಿದುಕೊಂಡು, ಕತ್ತಲಲ್ಲಿ ಜಾರಿಕೊಂಡರು.

ಈಗ ಐದನೇ ನಿಯಮ ಓದಿ: ಸೆರೆಯಾಳುಗಳನ್ನು ವಿಚಾರಣೆ ಮುಗಿಯುವವರೆಗೆ ಬೇರೆ ಬೇರೆ ಇಡು, ಮತ್ತು ಹೋದ ದಾರಿಯಲ್ಲಿ ವಾಪಸು ಬರಬೇಡ. ಮೊದಲ ಅರ್ಧ ಆ ದಿನ ಪಾಲಿಸಿದ್ದು. ಎರಡನೇ ಅರ್ಧ ಆ ದಿನ ಮುರಿದದ್ದು. ನಿಯಮ ಬರೆದದ್ದು ಅದೇ ವರ್ಷ, ಆಮೇಲೆ.

ಹೊಸಓದುಗ

ಫ್ರೆಂಚರು ಇನ್ನೂರಕ್ಕೂ ಹೆಚ್ಚು, ಇವರು ಎಪ್ಪತ್ತು. ಆದರೂ ಸಂಜೆವರೆಗೆ ತಡೆದದ್ದು ಹೇಗೆ?

ಮಲೆಸೀಮೆ

ಪಾದರಕ್ಷೆಯಿಂದ, ನಿಜವಾಗಿಯೂ. ರೇಂಜರ್‌ಗಳ ಕಾಲಿಗೆ ಸ್ನೋಶೂ ಇತ್ತು. ಅವಸರದಲ್ಲಿ ಹೊರಟ ಫ್ರೆಂಚ್ ಸಿಪಾಯಿಗಳಲ್ಲಿ ಅರ್ಧ ಜನಕ್ಕೆ ಇರಲಿಲ್ಲ, ಮೊಣಕಾಲುದ್ದ ಹಿಮದಲ್ಲಿ ಹೂತುಕೊಂಡು ಒದ್ದಾಡಿದರು. ಹಿಮದಲ್ಲಿ ತಲೆಲೆಕ್ಕ ಹಾಕಬಾರದು, ಚಲಿಸಬಲ್ಲ ತಲೆಗಳ ಲೆಕ್ಕ ಹಾಕಬೇಕು.

ಸ್ನೋಶೂ ಅಂದರೆ ಬಾಗಿಸಿದ ಮರದ ಚೌಕಟ್ಟು, ಅದಕ್ಕೆ ಹಸಿತೊಗಲಿನ ದಾರದ ನೇಯ್ಗೆ. ಮೈಭಾರ ಅಗಲಕ್ಕೆ ಹರಡುವುದರಿಂದ ಕಾಲು ಹೂಳುವುದಿಲ್ಲ. ದೋಷ ಎಲ್ಲಿ? ಹಿಮ ಕರಗುವ ಹೊತ್ತಿನಲ್ಲಿ ತೊಗಲು ನೀರು ಕುಡಿದು ಜೋಲುತ್ತದೆ, ಹೆಜ್ಜೆ ಜೋಲಿಯ ಮೇಲೆ ಇಟ್ಟಂತಾಗುತ್ತದೆ. ಅಡಿಯಲ್ಲಿ ಗಟ್ಟಿ ಹಿಮ್ಮಡಿಯ ಬೂಟು ಹಾಕಿದರೆ ನೇಯ್ಗೆ ತುಂಡಾಗುತ್ತದೆ, ಮೆತ್ತನೆಯ ತೊಗಲಿನ ಮೊಕಾಸಿನ್ ಜೋಡೇ ಬೇಕು. ಇಳಿಜಾರಿನಲ್ಲಿ ತಟ್ಟನೆ ತಿರುಗಲು ಆಗುವುದಿಲ್ಲ, ಒಂದರ ಅಂಚು ಇನ್ನೊಂದನ್ನು ತುಳಿದರೆ ಮಕಾಡೆ. ಅಭ್ಯಾಸ ಇಲ್ಲದವನಿಗೆ ಒಂದೇ ದಿನದಲ್ಲಿ ಮೀನಖಂಡ ಹಿಡಿದುಕೊಳ್ಳುತ್ತದೆ. ಮೊದಲ ದಿನವೇ ಕುಂಟುವವರನ್ನು ಹಿಂದೆ ಕಳಿಸಿದ್ದು ದಯೆಯಿಂದಲ್ಲ. ಮೂರನೇ ದಿನ ಶತ್ರುವಿನ ನೆಲದಲ್ಲಿ ಕುಂಟಿದರೆ ಅವನನ್ನು ಹೊರುವುದಕ್ಕೆ ಇಬ್ಬರು ಬೇಕಾಗುತ್ತಾರೆ.

ಬತ್ತಿಕೋವಿ

ಎರಡು, ಮೂರನೇ ನಿಯಮ ಒಟ್ಟಿಗೆ ಓದಬೇಕಾದವು.

ಸಣ್ಣ ಗಸ್ತು ಹೋಗುವಾಗ ಒಬ್ಬರ ಹಿಂದೆ ಒಬ್ಬರು. ನಡುವೆ ಎಷ್ಟು ಅಂತರ? ಒಂದೇ ಗುಂಡು ಇಬ್ಬರನ್ನು ಕೊಲ್ಲದಷ್ಟು. ಮುಂದೆ ಒಬ್ಬನೋ ಇಬ್ಬರೋ, ಎರಡೂ ಪಕ್ಕಕ್ಕೆ ಇಪ್ಪತ್ತು ಗಜ ದೂರದಲ್ಲಿ ಒಬ್ಬೊಬ್ಬ. ಅಂತರ ಹೆಚ್ಚಾದರೂ ತಪ್ಪು, ದಟ್ಟ ಕಾಡಿನಲ್ಲಿ ಮುಂದಿನವನ ಬೆನ್ನು ಕಾಣದೆ ಸಾಲು ತುಂಡಾಗುತ್ತದೆ.

ಜೌಗು ಅಥವಾ ಮೆತ್ತನೆಯ ನೆಲ ಬಂದರೆ ಸಾಲು ಮುರಿದು ಪಕ್ಕಪಕ್ಕದಲ್ಲಿ ಹರಡಿಕೊಂಡು ದಾಟಬೇಕು. ಸಾಲಾಗಿ ಹೋದರೆ ಇಪ್ಪತ್ತು ಜನರ ಹೆಜ್ಜೆ ಒಂದರ ಮೇಲೊಂದು ಬಿದ್ದು ದಾರಿಯೇ ಆಗಿಬಿಡುತ್ತದೆ. ಹರಡಿದರೆ ಅಲ್ಲೊಂದು ಇಲ್ಲೊಂದು ಹೆಜ್ಜೆ, ಜೌಗಿನ ನೀರು ಸ್ವಲ್ಪ ಹೊತ್ತಿಗೆ ತುಂಬಿಕೊಂಡು ಅದೂ ಮುಚ್ಚಿಹೋಗುತ್ತದೆ. ಗಟ್ಟಿ ನೆಲ ಸಿಕ್ಕ ಕೂಡಲೇ ಮತ್ತೆ ಸಾಲು. ಪೂರ್ತಿ ಕತ್ತಲಾಗುವವರೆಗೆ ನಡೆದು ಆಮೇಲೆ ತಂಗು, ಅದೂ ಕಾವಲಿನವನಿಗೆ ದೂರದವರೆಗೆ ಕಾಣುವ ಅಥವಾ ಕೇಳುವ ಜಾಗದಲ್ಲಿ. ರಾತ್ರಿಯಿಡೀ ಅರ್ಧ ಜನ ಎಚ್ಚರ, ಸರದಿಯ ಮೇಲೆ.

ಎದುರಿನಿಂದ ಗುಂಡು ಹಾರಿದರೆ ಕುಕ್ಕರಿಸು ಅಥವಾ ಮಲಗು, ಅದು ಮುಗಿದ ಮೇಲೆ ಎದ್ದು ನಿನ್ನದು ಹಾರಿಸು. ಹೇಡಿತನದ ಹಾಗೆ ಕಾಣುತ್ತದಲ್ಲ? ಆಗಿನ ಬಂದೂಕು ಒಂದು ಸಲ ಹಾರಿಸಿದ ಮೇಲೆ ಮತ್ತೆ ತುಂಬಲು ಪಳಗಿದ ಕೈಗೂ ಹದಿನೈದು ಇಪ್ಪತ್ತು ಸೆಕೆಂಡು ಬೇಕು. ಮೊದಲ ಬಾರು ತಲೆ ಮೇಲೆ ಹಾದುಹೋದರೆ ಆ ಇಪ್ಪತ್ತು ಸೆಕೆಂಡು ನಿನ್ನದು.

ಬೆಳಗಿನ ಜಾವದ ನಿಯಮವೂ ಹೀಗೆಯೇ. ಬೆಳಕು ಹರಿಯುವ ಮೊದಲು ಎಲ್ಲರೂ ಎದ್ದು ಬಂದೂಕು ಹಿಡಿದಿರಬೇಕು, ದಾಳಿ ಬರುವುದು ಆ ಹೊತ್ತಿಗೇ. ಹೊರಡುವ ಮೊದಲು ಇಬ್ಬರು ಮೂವರು ಸುತ್ತ ಒಂದು ಬಳಸು ಹಾಕಿ, ರಾತ್ರಿ ಯಾರಾದರೂ ಬಂದುಹೋದ ಹೆಜ್ಜೆ ಇದೆಯೇ ನೋಡಬೇಕು. ಹೊಳೆಯನ್ನು ಎಲ್ಲರೂ ದಾಟುವ ಜಾಗದಲ್ಲಿ ದಾಟಬಾರದು. ಹಿಂದೆ ಯಾರೋ ಬೆನ್ನು ಹತ್ತಿದ್ದಾರೆ ಅನ್ನಿಸಿದರೆ ಸುತ್ತಿಕೊಂಡು ಬಂದು ನಿನ್ನ ಹೆಜ್ಜೆಯ ಪಕ್ಕದಲ್ಲೇ ಹೊಂಚು ಹಾಕು.

ಮಲೆಸೀಮೆ

ಒಂದು ಮಾತು ಸೇರಿಸಲೇಬೇಕು. ಇದರಲ್ಲಿ ಬಹುಪಾಲು ರೋಜರ್ಸ್ ಕಂಡುಹಿಡಿದದ್ದಲ್ಲ. ಅಬೆನಾಕಿ ಮತ್ತಿತರ ಮೂಲನಿವಾಸಿಗಳು ತಲೆತಲಾಂತರದಿಂದ ಹೀಗೇ ನಡೆಯುತ್ತಿದ್ದರು. ಇವನ ಪಡೆಯಲ್ಲೇ ಸ್ಟಾಕ್‌ಬ್ರಿಜ್‌ನ ಮೋಹಿಕನ್ ಯೋಧರ ತುಕಡಿಗಳಿದ್ದವು. ರೋಜರ್ಸ್‌ನ ಹೆಚ್ಚುಗಾರಿಕೆ ಅದನ್ನು ಅಳತೆ ಸಮೇತ ಬರೆದಿಟ್ಟದ್ದು, ಸಮವಸ್ತ್ರದ ಸೈನಿಕನಿಗೂ ಕಲಿಸಬಹುದು ಅಂತ ತೋರಿಸಿದ್ದು. ‘ರೇಂಜಿಂಗ್‌ನ ಜನಕ’ ಅನ್ನುವವರು ಈ ಸಾಲನ್ನು ಬಿಟ್ಟುಬಿಡುತ್ತಾರೆ.

ನಕಾಶೆನೋಡುವವ

ಒಪ್ಪಿದೆ. ಆದರೆ ಇವನದೇ ಅನ್ನಬಹುದಾದದ್ದು ದೋಣಿಯ ಕೆಲಸ. 1756ರ ಜೂನ್ 28ಕ್ಕೆ ಐವತ್ತು ಜನ, ಐದು ವೇಲ್‌ಬೋಟ್. ಜಾರ್ಜ್ ಸರೋವರದಲ್ಲಿ ಸ್ವಲ್ಪ ದೂರ ಹೋಗಿ, ದೋಣಿಗಳನ್ನು ದಡಕ್ಕೆ ಎಳೆದು, ಬೆಟ್ಟ ಹತ್ತಿಸಿ ಇಳಿಸಿ ಸುಮಾರು ಆರು ಮೈಲಿ ಹೊತ್ತು, ಶಾಂಪ್ಲೇನ್ ಸರೋವರದ ದಕ್ಷಿಣ ಬಾಲವಾದ ಸೌತ್ ಬೇಗೆ ಇಳಿಸಿದರು. ತಲುಪಿದ್ದು ಜುಲೈ 3. ರಾತ್ರಿ ಮಾತ್ರ ಹುಟ್ಟು ಹಾಕಿ, ಹಗಲು ದೋಣಿ ಅಡಗಿಸಿ ಮಲಗುತ್ತಾ, ಟಿಕಾಂಡರೋಗಾದ ಕಾವಲುಗಾರ ಕೂಗುವ ಸಂಕೇತಪದ ಕೇಳಿಸುವಷ್ಟು ಹತ್ತಿರದಲ್ಲಿ ದಾಟಿದರು. ಉತ್ತರದಲ್ಲಿ ಗೋಧಿ, ಹಿಟ್ಟು, ವೈನ್, ಬ್ರಾಂದಿ ತುಂಬಿಕೊಂಡು ಬರುತ್ತಿದ್ದ ಎರಡು ದೋಣಿ ಹಿಡಿದು ಮುಳುಗಿಸಿದರು. ಬ್ರಾಂದಿಯನ್ನು ಮಾತ್ರ ಮುಳುಗಿಸದೆ ಬಚ್ಚಿಟ್ಟರು, ಅದು ಬೇರೆ ಮಾತು.

ಆಮೇಲೆ ಆ ದೋಣಿಗಳು ಸಿಕ್ಕಾಗ ಫ್ರೆಂಚರಿಗೆ ತಲೆಕೆಟ್ಟುಹೋಯಿತು. ಕೋಟೆಯ ಮುಂದೆ ಹಾಯದೆ ಬ್ರಿಟಿಷ್ ದೋಣಿ ಇಲ್ಲಿಗೆ ಬಂದದ್ದು ಹೇಗೆ? ಎರಡು ಸರೋವರದ ನಡುವೆ ತಮಗೆ ಗೊತ್ತಿಲ್ಲದ ನೀರುದಾರಿ ಇದೆ ಅಂತ ಹುಡುಕಿದರು.

ವೇಲ್‌ಬೋಟೇ ಯಾಕೆ? ಎರಡೂ ತುದಿ ಚೂಪು, ಹಿಂದಕ್ಕೆ ಹೋಗಲು ತಿರುಗಿಸುವ ಅಗತ್ಯ ಇಲ್ಲ. ತೆಳು ಹಲಗೆ, ಹಗುರ. ಸರಕು ಸಾಗಿಸುವ ಬ್ಯಾಟೋ ದೋಣಿ ಅಗಲ, ಚಪ್ಪಟೆ ತಳ, ಭಾರ. ಅದನ್ನು ಬೆಟ್ಟ ಹತ್ತಿಸಲು ಹೋದರೆ ದಂಡೇ ಸುಸ್ತು.

ಹೊಸಓದುಗ

‘ರೋಜರ್ಸ್ ಜಾರಿದ ಬಂಡೆ’ ಅಂತ ಜಾರ್ಜ್ ಸರೋವರದ ದಂಡೆಯಲ್ಲಿ ಇದೆಯಲ್ಲ, ಅದು ಇದೇ ಕಾಲದ್ದಾ?

ನಕಾಶೆನೋಡುವವ

ಅದು 1758ರ ಮಾರ್ಚ್ 13ರ ಎರಡನೇ ಹಿಮಕದನದ್ದು (ಮೊದಲನೆಯದು ಮೇಲೆ ಹೇಳಿದ 1757ರ ಜನವರಿಯದು), ದಂತಕತೆ. ನಾನೂರು ಜನ ಬೇಕಾದ ಕೆಲಸಕ್ಕೆ ನೂರ ಎಂಬತ್ತು ಜನರನ್ನು ಕೊಟ್ಟು ಕಳಿಸಿದರು. ನಾಲ್ಕು ಅಡಿ ಹಿಮ. ತೊರೆಯೊಂದರ ಪಕ್ಕದಲ್ಲಿ ಹೊಂಚು ಹಾಕಿ, ಸುಮಾರು ತೊಂಬತ್ತಾರು ಜನರ ಗುಂಪಿನ ಮೇಲೆ ಮೊದಲ ಬಾರು ಹಾರಿಸಿದ್ದು ಇವರೇ. ಗೆದ್ದೆವು ಅಂತ ಒಂದು ಗುಂಪು ಬೆನ್ನಟ್ಟಿ ಓಡಿತು. ಆ ತೊಂಬತ್ತಾರು ಜನ ಮುಂಗಾವಲು ಮಾತ್ರ, ಹಿಂದೆ ದೊಡ್ಡ ಪಡೆ ಬರುತ್ತಿತ್ತು. ನೂರಕ್ಕೂ ಹೆಚ್ಚು ರೇಂಜರ್‌ಗಳು ಅಲ್ಲೇ ಹೋದರು. ರೋಜರ್ಸ್‌ನ ಕೋಟು, ಜೇಬಿನಲ್ಲಿದ್ದ ನೇಮಕಪತ್ರದ ಸಮೇತ, ಫ್ರೆಂಚರ ಕೈಗೆ ಸಿಕ್ಕಿ ಅವನೇ ಸತ್ತ ಅಂತ ಸುದ್ದಿಯಾಯಿತು. ಆ ಕಡಿದಾದ ಬಂಡೆಯಿಂದ ಸರೋವರಕ್ಕೆ ಜಾರಿದ ಅನ್ನುವುದು ಅವನ ದಿನಚರಿಯಲ್ಲಿ ಎಲ್ಲೂ ಇಲ್ಲ. ಇದ್ದಿದ್ದರೆ ಅವನು ಬರೆಯದೆ ಬಿಡುವ ಪೈಕಿ ಅಲ್ಲ.

ದಫ್ತರ

ಕೋಟಿನ ಜೊತೆ ಕಾಗದಪತ್ರ ಹೋಯಿತು ಅಂದಿರಲ್ಲ, ಗಮನದಲ್ಲಿಡಿ.

ಮಲೆಸೀಮೆ

1759ರ ಸೇಂಟ್ ಫ್ರಾನ್ಸಿಸ್ ದಾಳಿಯ ಬಗ್ಗೆ ಬರೆಯುತ್ತೇನೆ. ಇದರಲ್ಲಿ ಕಾಡಿನ ವಿದ್ಯೆಯ ತುದಿಯೂ ಇದೆ, ಅದರ ಹೊಲಸೂ ಇದೆ.

ಸೆಪ್ಟೆಂಬರ್ 13ರ ರಾತ್ರಿ, ಅಷ್ಟು ಹೊತ್ತಿಗೆ ಬ್ರಿಟಿಷರ ಕೈಗೆ ಬಂದಿದ್ದ ಕ್ರೌನ್ ಪಾಯಿಂಟ್‌ನಿಂದ ಸುಮಾರು ಇನ್ನೂರು ಜನ ವೇಲ್‌ಬೋಟುಗಳಲ್ಲಿ ಹೊರಟರು. ಗುರಿ ಕೆನಡಾದ ಒಳಗಿನ ಅಬೆನಾಕಿ ಊರು, ಓಡನಾಕ್. ಅದನ್ನೇ ಸೇಂಟ್ ಫ್ರಾನ್ಸಿಸ್ ಅನ್ನುವುದು. ಐದನೇ ದಿನ ಮದ್ದಿನ ಪೀಪಾಯಿ ಸಿಡಿದು ಸುಟ್ಟವರು, ಕಾಯಿಲೆಯವರು, ಅವರನ್ನು ಕರೆದೊಯ್ಯುವವರು ಅಂತ ನಲವತ್ತು ಜನ ವಾಪಸು. ಸೆಪ್ಟೆಂಬರ್ 23ಕ್ಕೆ ಮಿಸಿಸ್ಕ್ವಾಯ್ ಕೊಲ್ಲಿ. ವಾಪಸು ಬರುವಾಗಿನ ಊಟವನ್ನೂ ದೋಣಿಗಳನ್ನೂ ಅಲ್ಲೇ ಬಚ್ಚಿಟ್ಟು, ಇಬ್ಬರನ್ನು ಕಾವಲಿಟ್ಟರು. ಎರಡೇ ದಿನದಲ್ಲಿ ಆ ಇಬ್ಬರು ಓಡಿಬಂದರು: ದೋಣಿ ಫ್ರೆಂಚರ ಕೈಗೆ ಬಿದ್ದಿವೆ, ಇನ್ನೂರು ಜನ ಬೆನ್ನ ಹಿಂದೆ ಇದ್ದಾರೆ.

ಇಲ್ಲಿ ರೋಜರ್ಸ್ ಒಬ್ಬ ಲೆಫ್ಟಿನೆಂಟನನ್ನು ಕಾಲ್ನಡಿಗೆಯಲ್ಲಿ ಹಿಂದೆ ಕಳಿಸಿದ. ಬ್ರಿಟಿಷ್ ಸೇನಾಪತಿ ಜನರಲ್ ಆಮ್‌ಹರ್ಸ್ಟ್‌ಗೆ ಸಂದೇಶ: ನಾವು ವಾಪಸು ಬರುವುದು ಕನೆಕ್ಟಿಕಟ್ ನದಿಯ ಕಡೆಯಿಂದ, ಆಹಾರವನ್ನು ಆ ನದಿ ದಂಡೆಯ ನಮ್ಮ ನಂಬರ್ ಫೋರ್ ಕೋಟೆಯಿಂದ ಹರಿವಿನ ಮೇಲಕ್ಕೆ ಕೂಸ್ ಸೀಮೆಗೆ ಕಳಿಸಿ. ಇಡೀ ಪಡೆಯ ಪ್ರಾಣ ಈ ಒಂದು ಚೀಟಿಯ ಮೇಲೆ ನಿಂತಿತು.

ಒಂಬತ್ತು ದಿನ ಜೌಗಿನಲ್ಲಿ ನಡಿಗೆ. ನೆಲ ಎಲ್ಲ ನೀರು, ರಾತ್ರಿ ಮರ ಕಡಿದು ರೆಂಬೆ ಹಾಸಿ ಅಟ್ಟದಂತೆ ಮಾಡಿಕೊಂಡು ಮಲಗಿದರು. ಆಮೇಲೆ ಸೇಂಟ್ ಫ್ರಾನ್ಸಿಸ್ ಹೊಳೆ, ಐದು ಅಡಿ ಆಳ, ಜೋರು ಸೆಳೆತ. ಎತ್ತರದವರನ್ನು ಹರಿವಿನ ಮೇಲುಗಡೆ ನಿಲ್ಲಿಸಿ, ಎಲ್ಲರೂ ಒಬ್ಬರನ್ನೊಬ್ಬರು ಹಿಡಿದು ಅಡ್ಡಕ್ಕೆ ದಾಟಿದರು. ಒಂದಿಷ್ಟು ಬಂದೂಕು ನೀರುಪಾಲು, ಕೆಲವನ್ನು ಮುಳುಗಿ ತೆಗೆದರು. ಜನ ಎಲ್ಲ ದಾಟಿದರು.

ಅಕ್ಟೋಬರ್ 4ರಂದು ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲು 142 ಜನ ಮೂರು ಕಡೆಯಿಂದ ನುಗ್ಗಿದರು. ಮನೆಗಳಿಗೆ ಬೆಂಕಿ. ರೋಜರ್ಸ್ ವರದಿಯಲ್ಲಿ ಕನಿಷ್ಠ ಇನ್ನೂರು ಜನರನ್ನು ಕೊಂದೆವು ಅಂತ ಇದೆ. ಫ್ರೆಂಚ್ ಕಡೆಯ ದಾಖಲೆ ಹೇಳುವುದು ಸುಮಾರು ಮೂವತ್ತು, ಅದರಲ್ಲಿ ಇಪ್ಪತ್ತು ಹೆಂಗಸರು ಮಕ್ಕಳು. ಅಬೆನಾಕಿಗಳ ಬಾಯಿಂದ ಬಾಯಿಗೆ ಉಳಿದು ಬಂದ ಕತೆಯಲ್ಲಿ, ಹಿಂದಿನ ರಾತ್ರಿ ಕುಣಿತ ನಡೆದಿದ್ದಾಗ ಅಪರಿಚಿತನೊಬ್ಬ ಬಂದು ಎಚ್ಚರಿಸಿದ, ಹಲವರು ಮಕ್ಕಳನ್ನು ಕರೆದುಕೊಂಡು ಅಡಗಿದರು ಅಂತ ಇದೆ. ಎರಡು ಲೆಕ್ಕ ಯಾಕೆ ಹೊಂದುವುದಿಲ್ಲ ಅನ್ನುವುದಕ್ಕೆ ಈ ಕತೆಯೇ ಉತ್ತರ ಅಂತ ನನ್ನ ಅಭಿಪ್ರಾಯ. ಅಧಿಕಾರಿಯ ವರದಿಯ ಅಂಕಿಯನ್ನು ಹಾಗೇ ನಕಲು ಮಾಡುವ ಲೇಖನಗಳನ್ನು ನಂಬಬೇಡಿ.

ನಕಾಶೆನೋಡುವವ

ವಾಪಸಿನ ದಾರಿಯೇ ಪಾಠ. ಲೂಟಿಯಲ್ಲಿ ತಿನ್ನಲು ಸಿಕ್ಕಿದ್ದು ಮೆಕ್ಕೆಜೋಳ ಮಾತ್ರ. ಬೆಳ್ಳಿ, ಮಣಿಸರ ತುಂಬಿಕೊಂಡು ಜೋಳ ಕಡಿಮೆ ಮಾಡಿಕೊಂಡವರೂ ಇದ್ದರು ಅನ್ನುತ್ತಾರೆ. ಎಂಟು ದಿನ ಒಟ್ಟಿಗೆ ನಡೆದು ಮೆಂಫ್ರಮೇಗಾಗ್ ಸರೋವರದ ಸಮೀಪ ಜೋಳ ಮುಗಿಯಿತು. ಅಲ್ಲಿ ಸಣ್ಣ ಸಣ್ಣ ಗುಂಪಾಗಿ ಒಡೆದರು, ಬೇಟೆಗೆ ಅನುಕೂಲ ಅಂತ. ನೂರು ಜನ ಒಟ್ಟಿಗೆ ನಡೆದರೆ ಪ್ರಾಣಿ ಹತ್ತಿರ ಸುಳಿಯುವುದಿಲ್ಲ, ನಿಜ. ಆದರೆ ಬೆನ್ನಟ್ಟುವವರಿಗೆ ಹತ್ತು ಜನರ ಗುಂಪು ಸುಲಭದ ತುತ್ತು. ಕೆಲವು ಗುಂಪು ಸಿಕ್ಕಿಬಿದ್ದವು. ಒಂದು ಗುಂಪಿನಲ್ಲಿ ಹೆಣದ ಮಾಂಸ ತಿಂದ ದಾಖಲೆ ಇದೆ.

ಆಹಾರ ತಂದ ಲೆಫ್ಟಿನೆಂಟ್ ಸ್ಯಾಮ್ಯುಯೆಲ್ ಸ್ಟೀವನ್ಸ್ ಕೂಸ್ ಸೀಮೆಗೆ ಬಂದಿದ್ದ. ಕಾದ, ಯಾರೂ ಬರಲಿಲ್ಲ, ಆಹಾರ ಸಮೇತ ಹೊರಟುಹೋದ. ರೋಜರ್ಸ್ ಬಂದಾಗ ಅವನು ಹಾಕಿದ್ದ ಬೆಂಕಿ ಇನ್ನೂ ಉರಿಯುತ್ತಿತ್ತು. ಕೋರ್ಟ್ ಮಾರ್ಷಲ್‌ನಲ್ಲಿ ಸ್ಟೀವನ್ಸ್ ತಪ್ಪಿತಸ್ಥ ಅಂತಾಯಿತು.

ಇನ್ನು ತೆಪ್ಪ. ಒಣಗಿದ ಪೈನ್ ಮರದಿಂದ ಒಂದು ಕಟ್ಟಿದರು. ಮೇಲೆ ನಾಲ್ಕು ಜನ: ರೋಜರ್ಸ್, ಗಾಯಗೊಂಡ ಕ್ಯಾಪ್ಟನ್ ಆಗ್ಡನ್, ಇನ್ನೊಬ್ಬ ರೇಂಜರ್, ಸೆರೆಯಾಗಿದ್ದ ಒಬ್ಬ ಹುಡುಗ. ವೈಟ್ ರಿವರ್ ಅಬ್ಬಿಯಲ್ಲಿ ಆ ತೆಪ್ಪ ಹೋಯಿತು. ಎರಡನೆಯದಕ್ಕೆ ಕೊಡಲಿ ಎತ್ತಲು ತೋಳಿನಲ್ಲಿ ಕಸುವಿಲ್ಲ. ಮರದ ಬುಡಕ್ಕೆ ಬೆಂಕಿ ಹಾಕಿ ಬೀಳಿಸಿದರು, ಬಿದ್ದ ಮರವನ್ನೂ ಬೇಕಾದ ಉದ್ದಕ್ಕೆ ಬೆಂಕಿಯಲ್ಲೇ ತುಂಡರಿಸಿದರು. ಮುಂದೆ ಇನ್ನೊಂದು ಇಳಿತ. ಅಲ್ಲಿ ಆಗ್ಡನ್ ಎಳೆಕಡ್ಡಿ ಹೊಸೆದ ಹಗ್ಗದಿಂದ ತೆಪ್ಪ ಹಿಡಿದು ಬಿಡಬೇಕು, ರೋಜರ್ಸ್ ಕೆಳಗೆ ನೀರಿಗೆ ಧುಮುಕಿ ಹಿಡಿಯಬೇಕು. ತಪ್ಪಿದರೆ ಮೂರನೇ ತೆಪ್ಪ ಕಟ್ಟುವ ತ್ರಾಣ ಯಾರಿಗೂ ಇಲ್ಲ. ಹಿಡಿದ. ಅಕ್ಟೋಬರ್ 31ಕ್ಕೆ ನಂಬರ್ ಫೋರ್ ತಲುಪಿ, ಕೂಡಲೇ ಆಹಾರದ ದೋಣಿ ಮೇಲಕ್ಕೆ ಕಳಿಸಿದ.

ಅವನದೇ ಲೆಕ್ಕದಲ್ಲಿ ಊರು ಸುಟ್ಟು ಹೊರಟ ಮೇಲೆ ಕಳೆದುಕೊಂಡದ್ದು ಮೂವರು ಅಧಿಕಾರಿಗಳು, 46 ಮಂದಿ ಸಾರ್ಜೆಂಟ್ ಸಿಪಾಯಿಗಳು. ದಾಳಿಯ ಹೊತ್ತಿನಲ್ಲಿ ಸತ್ತದ್ದು ಒಬ್ಬ.

ದಫ್ತರ

ಸರಿ, ಈಗ ನನ್ನ ಸರದಿ. 28 ನಿಯಮದಲ್ಲಿ ಒಂದೂ ರಸೀದಿಯ ಬಗ್ಗೆ ಇಲ್ಲ.

ಸಿಪಾಯಿಗಳಿಗೆ ಸಂಬಳ ಮುಂಗಡ ಕೊಟ್ಟದ್ದು, ಬಂದೂಕು ಕೊಂಡದ್ದು, ಸತ್ತವರ ಬಾಕಿ ಎಲ್ಲ ರೋಜರ್ಸ್‌ನ ಹೆಸರಿನಲ್ಲಿ. ಪರಿಶೀಲಕರು ಕೇಳುವುದು ಒಂದೇ: ಚೀಟಿ ಎಲ್ಲಿ? ಕೆಲವು ಕಾಡಿನಲ್ಲಿ ಹೋಗಿವೆ, ಕೆಲವನ್ನು ಬರೆದೇ ಇರಲಿಲ್ಲ. ಸಹಿ ಹಾಕಬೇಕಾದವನು ಸತ್ತಿದ್ದಾನೆ. ಸರ್ಕಾರ ಒಪ್ಪಿದ್ದು ಕೇಳಿದ್ದರಲ್ಲಿ ಸ್ವಲ್ಪ. ಸಾಲ ಕೊಟ್ಟವರು ಕೇಳಿದ್ದು ಪೂರ್ತಿ.

1760ರ ನವೆಂಬರ್ 29ರಂದು ಡೆಟ್ರಾಯಿಟ್ ಕೋಟೆಯನ್ನು ಫ್ರೆಂಚರಿಂದ ವಹಿಸಿಕೊಂಡದ್ದು ಇವನೇ, ಕೀರ್ತಿಯ ತುದಿ ಅದು. 1765ರಲ್ಲಿ ಲಂಡನ್ನಿಗೆ ಹೋಗಿ ಪುಸ್ತಕ ಅಚ್ಚು ಹಾಕಿಸಿ, ಅಮೆರಿಕದ ಮಹಾಸರೋವರಗಳ ಸೀಮೆಯ ಮಿಶಿಲಿಮ್ಯಾಕಿನಾಕ್ ಕೋಟೆಯ ಅಧಿಕಾರ ಗಿಟ್ಟಿಸಿದ. ಅಲ್ಲಿ ಮತ್ತದೇ. ಮೂಲನಿವಾಸಿ ಮುಖಂಡರಿಗೆ ಉಡುಗೊರೆ ಕೊಡದೆ ವ್ಯಾಪಾರ ನಡೆಯದು, ಉಡುಗೊರೆಯನ್ನು ವ್ಯಾಪಾರಿಗಳಿಂದ ಸಾಲಕ್ಕೆ ತಂದು ಸರ್ಕಾರದ ಮೇಲೆ ಹುಂಡಿ (ಹಣ ಕೊಡಿ ಅನ್ನುವ ಪತ್ರ) ಬರೆದ. ಮೇಲಿನವರು ಹುಂಡಿ ಒಪ್ಪಲಿಲ್ಲ. ಅಮೆರಿಕದಲ್ಲಿದ್ದ ಬ್ರಿಟಿಷ್ ಸೇನಾಪತಿ ಜನರಲ್ ಗೇಜ್‌ಗೂ ಮೂಲನಿವಾಸಿಗಳ ವ್ಯವಹಾರ ನೋಡಿಕೊಳ್ಳುತ್ತಿದ್ದ ಸರ್ ವಿಲಿಯಂ ಜಾನ್ಸನ್‌ಗೂ ಇವನನ್ನು ಕಂಡರೆ ಆಗುತ್ತಿರಲಿಲ್ಲ. 1767ರ ಡಿಸೆಂಬರ್‌ನಲ್ಲಿ ದೇಶದ್ರೋಹದ ಆರೋಪದ ಮೇಲೆ ಬಂಧನ, ಚಳಿಗಾಲ ಪೂರ್ತಿ ಕಾಲಿಗೆ ಕೋಳ. 1768ರ ಅಕ್ಟೋಬರ್‌ನಲ್ಲಿ ಮಾಂಟ್ರಿಯಲ್‌ನ ಕೋರ್ಟ್ ಮಾರ್ಷಲ್ ಬಿಡುಗಡೆ ಮಾಡಿತು. ಬಾಕಿ ಮಾತ್ರ ಬರಲಿಲ್ಲ. 1772ರಿಂದ 1774ರವರೆಗೆ ಲಂಡನ್ನಿನ ಫ್ಲೀಟ್ ಸೆರೆಮನೆಯಲ್ಲಿ, ಸಾಲಗಾರನಾಗಿ.

ದ್ರೋಹಿ, ಕುಡುಕ ಅಂತ ಒಂದು ಮಾತಲ್ಲಿ ಮುಗಿಸುವವರಿದ್ದಾರೆ. ಕುಡಿತ ನಿಜ. ಆದರೆ ಕ್ಯಾಪ್ಟನ್ನೇ ಬಂಡವಾಳ ಹಾಕಬೇಕಾದ ವ್ಯವಸ್ಥೆಯಲ್ಲಿ ಲೆಕ್ಕ ಇಡಲು ಬಾರದವನಿಗೆ ಇದೇ ಗತಿ. ಕುಡಿತ ಎರಡನೆಯ ಕಾರಣ.

ಮಲೆಸೀಮೆ

ಅಷ್ಟೊಂದು ವಕಾಲತ್ತು ಬೇಡ ಮಾರಾಯ್ರೆ. ಖೋಟಾ ನೋಟಿನಿಂದ ಶುರುವಾದ ಬದುಕು. ಚೀಟಿ ಇಲ್ಲದ ಲೆಕ್ಕವನ್ನು ಯಾವ ಖಜಾನೆಯೂ ನಂಬಬೇಕಾಗಿರಲಿಲ್ಲ. ಅದೇ ಪಡೆಯ ಜಾನ್ ಸ್ಟಾರ್ಕ್ ಜಮೀನು, ಗರಗಸದ ಗಿರಣಿ ಅಂತ ಇದ್ದು, ಅಮೆರಿಕದ ಕ್ರಾಂತಿಯಲ್ಲಿ ಬ್ರಿಟಿಷರ ವಿರುದ್ಧ 1775ರಲ್ಲಿ ಬಂಕರ್ ಹಿಲ್, 1777ರಲ್ಲಿ ಬೆನಿಂಗ್ಟನ್ ಗೆದ್ದು ಹೆಸರು ಉಳಿಸಿಕೊಂಡ.

ದಫ್ತರ

ಬಂಕರ್ ಹಿಲ್ ಗೆಲ್ಲಲಿಲ್ಲ, ಗುಡ್ಡ ಬ್ರಿಟಿಷರ ಪಾಲಾಯಿತು. ಸ್ಟಾರ್ಕ್ ತನ್ನ ಪಾಲಿನ ಬೇಲಿಸಾಲು ಹಿಡಿದು ನಿಂತ, ಅಷ್ಟು. ಉಳಿದದ್ದು ಒಪ್ಪಿದೆ.

ಹೊಸಓದುಗ

ಕ್ರಾಂತಿಯ ಹೊತ್ತಿಗೆ ರೋಜರ್ಸ್ ಯಾವ ಕಡೆ?

ಬತ್ತಿಕೋವಿ

ಎರಡೂ ಕಡೆ ಕೇಳಿದ. 1775ರಲ್ಲಿ ಬಂದಾಗ ಬಂಡಾಯ ಸೇನೆಯ ನಾಯಕ ಜಾರ್ಜ್ ವಾಷಿಂಗ್ಟನ್‌ಗೆ ಅನುಮಾನ, ಭೇಟಿ ಕೊಡಲಿಲ್ಲ. 1776ರಲ್ಲಿ ಬಂಧಿಸಿದರು, ತಪ್ಪಿಸಿಕೊಂಡು ಬ್ರಿಟಿಷರ ಕಡೆ ಸೇರಿ ಕ್ವೀನ್ಸ್ ರೇಂಜರ್ಸ್ ಕಟ್ಟಿದ. ಆ ಸೆಪ್ಟೆಂಬರ್‌ನಲ್ಲಿ ಬಂಡಾಯದ ಕಡೆಯ ಬೇಹುಗಾರ ನೇಥನ್ ಹೇಲ್‌ನನ್ನು ಹಿಡಿದದ್ದು ಇವನೇ ಅಂತ ಕನ್ಸಿಡರ್ ಟಿಫನಿ ಎಂಬ ಕನೆಕ್ಟಿಕಟ್‌ನ ಅಂಗಡಿಕಾರನ ಹಸ್ತಪ್ರತಿ ಹೇಳುತ್ತದೆ. ಅದು 2000ದಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಬಂತು. ತಾನೂ ಬಂಡಾಯದ ಕಡೆಯವನೇ ಅಂತ ನಟಿಸಿ, ಊಟಕ್ಕೆ ಕರೆದು, ಬಾಯಿ ಬಿಡಿಸಿದನಂತೆ. ಅದೇ ಅಕ್ಟೋಬರ್ 22ರ ರಾತ್ರಿ ಮಮಾರೊನೆಕ್‌ನಲ್ಲಿ ಅವನ ಬಿಡಾರದ ಮೇಲೆಯೇ ದಾಳಿಯಾಯಿತು. ಮುಂದೆ ಪಡೆಯಿಂದ ತೆಗೆದರು. 1778ರಲ್ಲಿ ಹೆಂಡತಿ ಎಲಿಜಬೆತ್ ವಿಚ್ಛೇದನ ಪಡೆದಳು. ಸತ್ತದ್ದು 1795ರ ಮೇ 18ಕ್ಕೆ, ಲಂಡನ್ನಿನಲ್ಲಿ.

ಅನುವಾದಕ್ಕೆ ಬರೋಣ. ಕೊನೆಯ 28ನೇ ನಿಯಮದ ಬಾಲದಲ್ಲಿ ಅವನೇ ಹೇಳುತ್ತಾನೆ: ಇವೆಲ್ಲ ಸಾಮಾನ್ಯ ಸೂತ್ರ, ಇವನ್ನು ಬಿಡಬೇಕಾದ ಸಂದರ್ಭ ಸಾವಿರ ಬರುತ್ತವೆ, ಆಗ ಅವರವರ ಬುದ್ಧಿಯೇ ದಾರಿ, ಧೃತಿಗೆಡಬಾರದು. ಕಾದಂಬರಿಯ ಪಟ್ಟಿಯಲ್ಲಿ ಈ ಮಾತಿಲ್ಲ. ನಮ್ಮದರಲ್ಲಿ ಬಿಟ್ಟುಹೋಗಬಾರದು.

ಒಂದನೇ ನಿಯಮದ ಕರಡು: ‘ಪ್ರತಿದಿನ ಸಂಜೆ ತಮ್ಮ ತಮ್ಮ ಮೈದಾನದಲ್ಲಿ ಹಾಜರಿಗೆ ಬರಬೇಕು. ಪ್ರತಿಯೊಬ್ಬನ ಬಳಿ ಕೋವಿ, ಅರವತ್ತು ಸುತ್ತು ಮದ್ದುಗುಂಡು, ಒಂದು ಕೊಡಲಿ ಇರಬೇಕು.’ ಸರಿಯೇ?

ಮಲೆಸೀಮೆ

‘ಕೊಡಲಿ’ ಬೇಡ, ಓದುವವರಿಗೆ ಸೌದೆ ಸೀಳುವ ಎರಡು ಕೈಯ ಕೊಡಲಿ ಕಣ್ಣಿಗೆ ಬರುತ್ತದೆ. ಸೊಂಟಕ್ಕೆ ಸಿಕ್ಕಿಸುವ ಸಣ್ಣದು, ‘ಕೈಗೊಡಲಿ’ ಹಾಕಿ. ಉಳಿದದ್ದು ಹಾಗೇ ಇರಲಿ.

ಬತ್ತಿಕೋವಿ

ಹಾಕಿದೆ. ಎರಡನೆಯದನ್ನು ನಕಾಶೆಯವರು ತಗೊಳ್ಳಿ. ‘ಗಜ’ವನ್ನು ಮೀಟರ್ ಮಾಡಬೇಡಿ.